ಮೂರು ಭಾಷೆ, ಒಂದು ಪಾಠ: ಸಾಹಿತ್ಯ ಪ್ರಕಾರಗಳನ್ನು ಕಲಿಯುವ ಬಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಗೋಷ್ಠಿಗಾಗಿ ಮಾಡಿದ ಭಾಷಣದ ಬರಹ ರೂಪ)



ಇಂಗ್ಲಿಷ್ ಪಠ್ಯದಲ್ಲಿ ಬರುವ ಸಾನೆಟ್, ಬ್ಯಾಲಡ್, ಎಲಿಜಿ, ಓಡ್ ಮುಂತಾದ ಸಾಹಿತ್ಯ ಪ್ರಕಾರಗಳನ್ನು ನಮ್ಮ ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು ನನಗೆ ಕೊಟ್ಟಿರುವ ವಿಷಯ. ನಾನು ಇಂಗ್ಲಿಷ್ ಶಿಕ್ಷಕ ವೃತ್ತಿಯವರಲ್ಲ. ಉರ್ದು ಮತ್ತು ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಆದರೆ ಈ ಎರಡು ಭಾಷೆಗಳ ನಡುವೆ ದಿನವೂ ಓಡಾಡುವವರಿಗೆ ಮೂರನೆಯ ಭಾಷೆಯ ತೊಡಕೂ ಚೆನ್ನಾಗಿ ಕಾಣಿಸುತ್ತದೆ. ಆ ಧೈರ್ಯದಿಂದ ನಾಲ್ಕು ಮಾತು ಹೇಳುತ್ತೇನೆ.

ಉತ್ತರ ಬೆಂಗಳೂರಿನ ನಮ್ಮ ಮಕ್ಕಳ ಸ್ಥಿತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಯಶವಂತಪುರದ ನಮ್ಮ ಮನೆಗಳಲ್ಲಿ ಆಡುವುದು ದಖ್ಖನಿ. ಪುಸ್ತಕದಲ್ಲಿ ಇರುವುದು ಗ್ರಾಂಥಿಕ ಉರ್ದು. ಬೀದಿಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಕನ್ನಡ. ನೌಕರಿಗೆ ಬೇಕಾದದ್ದು ಇಂಗ್ಲಿಷ್. ಶಾಲೆಯಲ್ಲಿ ಇವು ಮೂರು ಬೇರೆ ಬೇರೆ ಪೀರಿಯಡ್, ಮೂವರು ಬೇರೆ ಬೇರೆ ಶಿಕ್ಷಕರು, ಮೂರು ಬೇರೆ ಬೇರೆ ಗೈಡು. ಒಂದು ಪೀರಿಯಡ್ಡಿನಲ್ಲಿ ಕಲಿತದ್ದು ಇನ್ನೊಂದು ಪೀರಿಯಡ್ಡಿಗೆ ದಾಟುವುದಿಲ್ಲ. ಆದ್ದರಿಂದಲೇ ತಂದೆತಾಯಿಯರು, 'ಮೂರು ಭಾಷೆ ಮಗುವಿಗೆ ಹೊರೆ, ಒಂದನ್ನು ಬಿಡಿಸಿಬಿಡೋಣ' ಎನ್ನುತ್ತಾರೆ. ಬಿಡಿಸುವ ಮಾತು ಬಂದಾಗ ಮೊದಲು ಹೋಗುವುದು ಉರ್ದು. ಆಮೇಲೆ ಕನ್ನಡ ಕೇವಲ ಪಾಸಾಗುವ ವಿಷಯವಾಗುತ್ತದೆ. ಕೊನೆಗೆ ಉಳಿದ ಇಂಗ್ಲಿಷಿನಲ್ಲಾದರೂ ಮಗು ಒಂದು ಪದ್ಯವನ್ನು ಸವಿಯುತ್ತದೆಯೇ ಎಂದರೆ ಅದೂ ಇಲ್ಲ. ಲಕ್ಷಣವನ್ನು ಬಾಯಿಪಾಠ ಮಾಡಿ ಉತ್ತರ ಪತ್ರಿಕೆಯಲ್ಲಿ ಇಳಿಸಿ ಬರುತ್ತದೆ, ಅಷ್ಟೆ.

ಇವತ್ತು ನಾನು ನಿಮ್ಮ ಮುಂದೆ ಇಡುವ ಮಾತು ಸರಳವಾದದ್ದು. ಮೂರು ಭಾಷೆಗಳ ಸಾಹಿತ್ಯ ಪ್ರಕಾರಗಳನ್ನು ಒಟ್ಟಿಗೆ ಇಟ್ಟು ಕಲಿಸಿದರೆ ಹೊರೆ ಕಡಿಮೆಯಾಗುತ್ತದೆ, ರುಚಿ ಹೆಚ್ಚಾಗುತ್ತದೆ. ಬಿ.ಎಡ್. ತರಗತಿಯಲ್ಲಿ ನಾವೆಲ್ಲರೂ ಕಲಿತ ಸೂತ್ರವೊಂದಿದೆ: ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ. ಮಕ್ಕಳ ಬಹುಭಾಷಾ ಜ್ಞಾನವನ್ನು ಸಂಪನ್ಮೂಲವೆಂದು ಬಳಸಿಕೊಳ್ಳಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಹೇಳಿತು. ಸೂತ್ರ ನಮ್ಮ ಕೈಯಲ್ಲಿದೆ, ಪ್ರಯೋಗ ಮಾತ್ರ ಆಗಬೇಕಾಗಿದೆ.

ಮೊದಲು ಕಿವಿ, ಆಮೇಲೆ ಹೆಸರು

'ರಿಫ್ರೇನ್ ಎಂದರೇನು?' ಎಂದು ಎಂಟನೆಯ ತರಗತಿಯಲ್ಲಿ ಕೇಳಿದೆ. ಯಾರೂ ಕೈ ಎತ್ತಲಿಲ್ಲ. 'ಕವ್ವಾಲಿಯಲ್ಲಿ ಒಬ್ಬರು ಹಾಡಿದ ಮೇಲೆ ಎಲ್ಲರೂ ಕೂಡಿ ಮತ್ತೆ ಮತ್ತೆ ಹೇಳುವ ಸಾಲು ಇರುತ್ತದಲ್ಲ, ಅದು ಗೊತ್ತೇ?' ಎಂದೆ. ಇಡೀ ತರಗತಿ ಕೈ ಎತ್ತಿತು. ಅದೇ ರಿಫ್ರೇನ್. ಉರ್ದುವಿನಲ್ಲಿ ಅದು ಟೀಪ್ ಕಾ ಮಿಸ್ರಾ, ಕನ್ನಡದಲ್ಲಿ ಪಲ್ಲವಿ. ಮಕ್ಕಳಿಗೆ ವಸ್ತು ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ನಾವು ಬಹಳ ಸಲ ಹೆಸರಿನಿಂದ ಪಾಠ ಶುರುಮಾಡುತ್ತೇವೆ, ವಸ್ತುವಿನ ತನಕ ಹೋಗುವುದೇ ಇಲ್ಲ.

ಅಲಂಕಾರಗಳ ಪಾಠವೂ ಹೀಗೆಯೇ. ಇಂಗ್ಲಿಷಿನ ಸಿಮಿಲಿ ಉರ್ದುವಿನ ತಶ್ಬೀಹ್, ಕನ್ನಡದ ಉಪಮೆ. ಮೆಟಫರ್ ಎಂದರೆ ಇಸ್ತಿಆರಾ, ಅದಕ್ಕೆ ಹತ್ತಿರವಾದದ್ದು ನಮ್ಮ ರೂಪಕ. ಹೈಪರ್‌ಬೋಲಿ ಎಂದರೆ ಮುಬಾಲಗಾ, ಅದೇ ಅತಿಶಯೋಕ್ತಿ. 'ಅಮ್ಮಿಯ ಮಾತು ಜೇನಿನಂತೆ ಸಿಹಿ' ಎಂಬ ವಾಕ್ಯ ತೆಗೆದುಕೊಳ್ಳಿ. ಇಂಗ್ಲಿಷ್ ಗೈಡಿನಲ್ಲಿ 'ಲೈಕ್' ಅಥವಾ 'ಆ್ಯಸ್' ಎಂಬ ಪದ ಇದ್ದರೆ ಸಿಮಿಲಿ ಎಂದು ಹೇಳಿ ಮುಗಿಸುತ್ತಾರೆ. ಕನ್ನಡ ವ್ಯಾಕರಣ ಇನ್ನೂ ಆಳಕ್ಕೆ ಹೋಗುತ್ತದೆ. ಅಮ್ಮಿಯ ಮಾತು ಉಪಮೇಯ, ಜೇನು ಉಪಮಾನ, 'ಅಂತೆ' ಎಂಬುದು ಉಪಮಾವಾಚಕ, ಸಿಹಿ ಎಂಬುದು ಸಮಾನಧರ್ಮ. ಉರ್ದುವಿನಲ್ಲಿ ಇವೇ ಮುಶಬ್ಬಹ್, ಮುಶಬ್ಬಹ್ ಬಿಹಿ, ಹರ್ಫೆ ತಶ್ಬೀಹ್, ವಜ್ಹೆ ಶಬಹ್. ಕನ್ನಡ ಪೀರಿಯಡ್ಡಿನಲ್ಲಿ ಇದನ್ನು ಬಿಡಿಸಲು ಕಲಿತ ಮಗು ಇಂಗ್ಲಿಷ್ ಪದ್ಯದ ಹೋಲಿಕೆಯನ್ನು 'ಯಾವುದಕ್ಕೆ, ಯಾವುದರಿಂದ, ಯಾವ ಗುಣಕ್ಕಾಗಿ' ಎಂದು ಬಿಡಿಸಿ ಬರೆಯಬಲ್ಲದು. ಒಂದು ಕೆಲಸಕ್ಕೆ ಮೂರು ಕಡೆ ಫಲ.

ಬಸ್ ನಿಲ್ದಾಣದ ಛಂದಸ್ಸು

ಛಂದಸ್ಸು ಎಂದರೆ ಮಕ್ಕಳಿಗೆ ಭಯ. ಪ್ರಥಮ ಭಾಷೆ ಕನ್ನಡದ ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಲು ಕೇಳುತ್ತಾರೆ, ಅದನ್ನು ಬಿಟ್ಟು ಬರುವವರು ಬಹಳ ಮಂದಿ. ನಾನು ಪದ್ಯದಿಂದ ಪ್ರಾರಂಭಿಸುವುದಿಲ್ಲ, ಬಸ್ಸಿನ ಫಲಕದಿಂದ ಪ್ರಾರಂಭಿಸುತ್ತೇನೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಈಗ 'ಹೆಬ್ಬಾಳ' ಹೇಳಿ: 'ಹೆ'ಗೆ ಎರಡು, 'ಬ್ಬಾ'ಗೆ ಎರಡು, 'ಳ'ಗೆ ಒಂದು, ಒಟ್ಟು 5. 'ಯಲಹಂಕ' ಹೇಳಿ: ಒಂದು, ಒಂದು, ಎರಡು, ಒಂದು, ಒಟ್ಟು 5. ಹೆಬ್ಬಾಳದಲ್ಲಿ ಮೂರು ಅಕ್ಷರ, ಯಲಹಂಕದಲ್ಲಿ ನಾಲ್ಕು. ಆದರೂ ತೂಕ ಒಂದೇ. 'ಯಶವಂತಪುರ' ಮತ್ತು 'ದೇವನಹಳ್ಳಿ' ಎರಡೂ 7 ಮಾತ್ರೆ. ಎರಡನ್ನೂ ನಾಲ್ಕು, ಮೂರು ಎಂದು ಒಡೆಯಬಹುದು. ಅಕ್ಷರಗಳ ಎಣಿಕೆ ಬೇರೆ, ಮಾತ್ರೆಗಳ ಎಣಿಕೆ ಬೇರೆ ಎಂಬುದು ಐದು ನಿಮಿಷದಲ್ಲಿ ಮಕ್ಕಳಿಗೆ ತಿಳಿಯುತ್ತದೆ. ಆಮೇಲೆ ಅವರೇ ನಾಗವಾರ, ಜಾಲಹಳ್ಳಿ ಎಂದು ಎಣಿಸಲು ಶುರುಮಾಡುತ್ತಾರೆ. (ಎರಡೂ 6 ಮಾತ್ರೆ, ಮನೆಗೆ ಹೋಗಿ ಎಣಿಸಿ ನೋಡಿ.)

ಉರ್ದು ಓದುವ ಮಕ್ಕಳಿಗೆ ಇಲ್ಲಿ ಒಂದು ಸಂತೋಷದ ಸಂಗತಿ ಇದೆ. ಉರ್ದು ಅರೂಜ್ ಶಾಸ್ತ್ರದ ತಕ್ತೀ ಮಾಡುವುದೂ, ಕನ್ನಡದ ಪ್ರಸ್ತಾರ ಹಾಕುವುದೂ ಉದ್ದ ಮತ್ತು ಗಿಡ್ಡ ಧ್ವನಿಗಳ ಎಣಿಕೆಯೇ. 'ಫಊಲುನ್' ಎಂಬುದು ಲಘು, ಗುರು, ಗುರು. ಕನ್ನಡದಲ್ಲಿ ಅದು ಯಗಣ. 'ಫಾಇಲುನ್' ಎಂಬುದು ಗುರು, ಲಘು, ಗುರು. ಅದು ರಗಣ. ನಾಲ್ಕು ಫಊಲುನ್ ಸೇರಿದರೆ ಉರ್ದುವಿನಲ್ಲಿ ಮುತಕಾರಿಬ್ ಬಹರ್ ಆಗುತ್ತದೆ. ನಾಲ್ಕು ಯಗಣ ಸೇರಿದರೆ ಸಂಸ್ಕೃತ ಮತ್ತು ಕನ್ನಡದ ಭುಜಂಗಪ್ರಯಾತ ವೃತ್ತವಾಗುತ್ತದೆ. ಫಿರ್ದೌಸಿಯ ಶಾಹನಾಮಾ ಇದೇ ಮುತಕಾರಿಬ್‌ನ ಒಂದು ಬಗೆಯಲ್ಲಿದೆ. ಪರ್ಷಿಯಾದ ಕುದುರೆಯೂ ನಮ್ಮ ಹಾವಿನ ನಡಿಗೆಯೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ ಎಂದರೆ ಮಕ್ಕಳು ಮರೆಯುವುದಿಲ್ಲ.

ಇಂಗ್ಲಿಷಿನ ದಾರಿ ಮಾತ್ರ ಬೇರೆ. ಅಲ್ಲಿ ಮುಖ್ಯವಾದದ್ದು ಧ್ವನಿಯ ಉದ್ದವಲ್ಲ, ಒತ್ತು. ಮೊದಲು ಹಗುರ, ಆಮೇಲೆ ಒತ್ತು ಬಂದರೆ ಅದು ಅಯಾಂಬ್. ಸಾಲಿಗೆ ಐದು ಅಯಾಂಬ್ ಬಂದರೆ ಅಯಾಂಬಿಕ್ ಪೆಂಟಾಮೀಟರ್. ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರೆ ಇದು ತಿಳಿಯುತ್ತದೆ. ಕನ್ನಡದ ಮಾತ್ರೆಯ ಲೆಕ್ಕವನ್ನು ಇಂಗ್ಲಿಷಿಗೆ ಹಾಕಲು ಹೋದರೆ ಮಗು ಗೊಂದಲಕ್ಕೆ ಬೀಳುತ್ತದೆ. ಆದ್ದರಿಂದ ಹೋಲಿಕೆಯ ಜೊತೆಗೆ ವ್ಯತ್ಯಾಸವನ್ನೂ ಹೇಳಲೇಬೇಕು.

ಪ್ರಾಸದ ಕಥೆ

ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಇದ್ದದ್ದು ಸಾಲಿನ ಕೊನೆಯಲ್ಲಲ್ಲ, ಆರಂಭದಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದು ಆದಿಪ್ರಾಸ. ಕಾಸರಗೋಡಿನ ಮಂಜೇಶ್ವರದಲ್ಲಿದ್ದ ಗೋವಿಂದ ಪೈಗಳು 1911ರಲ್ಲಿ ಈ ಕಟ್ಟನ್ನು ಬಿಟ್ಟು ಬರೆಯಲು ನಿರ್ಧರಿಸಿದರು. ಆ ಕಾಲಕ್ಕೆ ಅದು ದೊಡ್ಡ ಚರ್ಚೆಯ ವಿಷಯ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕದ ಮೂಲಕ ಇಂಗ್ಲಿಷ್ ಭಾವಗೀತೆಯ ಬಗೆಗಳನ್ನು ಕನ್ನಡಕ್ಕೆ ತಂದರು.

ಅದಕ್ಕೆ ಎರಡೇ ವರ್ಷ ಮೊದಲು, 1924ರಲ್ಲಿ, ಇಕ್ಬಾಲರ 'ಬಾಂಗೆ ದರಾ' ಪ್ರಕಟವಾಯಿತು. ಅದರಲ್ಲಿ ಮಕ್ಕಳಿಗಾಗಿ ಬರೆದ ಹಲವು ನಜ್ಮ್‌ಗಳು ಇಂಗ್ಲಿಷಿನಿಂದ ಪಡೆದವು. ಉರ್ದು ಓದುವ ಮಕ್ಕಳಿಗೆಲ್ಲ ಗೊತ್ತಿರುವ 'ಏಕ್ ಪಹಾಡ್ ಔರ್ ಗಿಲೆಹರಿ' ಅಮೆರಿಕದ ಎಮರ್ಸನ್‌ನ ಪದ್ಯದಿಂದ ಬಂದದ್ದು. 'ಏಕ್ ಮಕಡಾ ಔರ್ ಮಕ್ಖೀ' ಮೇರಿ ಹೋವಿಟ್ ಎಂಬ ಇಂಗ್ಲಿಷ್ ಲೇಖಕಿಯ ಪದ್ಯದಿಂದ ಬಂದದ್ದು. ಹಾಗಾದರೆ ನೀವೇ ಯೋಚಿಸಿ: ಉರ್ದು ಪದ್ಯ ಬಾಯಿಗೆ ಬರುವ ಮಗುವಿನ ಮುಂದೆ ಎಮರ್ಸನ್‌ನ ಪದ್ಯ ಇಟ್ಟರೆ ಅದು ಅಪರಿಚಿತವೇ? ಕಥೆ ಗೊತ್ತಿದೆ, ಸಂಭಾಷಣೆ ಗೊತ್ತಿದೆ, ನೀತಿ ಗೊತ್ತಿದೆ. ಉಳಿದದ್ದು ಪದಗಳು ಮಾತ್ರ. ಇಂಗ್ಲಿಷಿಗೆ ಹೆದರುವ ನಮ್ಮ ಉರ್ದು ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಕಂಡಿಲ್ಲ.

ಆರು ಸಾಲು, ನಾಲ್ಕು ಸಾಲು, ಮೂರು ಸಾಲು

ಈಗ ರೂಪಗಳಿಗೆ ಬರೋಣ. ಕನ್ನಡದಲ್ಲಿ ಷಟ್ಪದಿ ಇದೆ, ಆರು ಸಾಲಿನದು. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಅದರಲ್ಲಿ ಆರು ಬಗೆ. ಕುಮಾರವ್ಯಾಸ ಭಾರತ ಬರೆದದ್ದು ಭಾಮಿನಿಯಲ್ಲಿ. ಲಕ್ಷ್ಮೀಶ ಜೈಮಿನಿ ಭಾರತ ಬರೆದದ್ದು ವಾರ್ಧಕದಲ್ಲಿ. ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ. 3 ಮತ್ತು 6ನೆಯ ಸಾಲುಗಳು ಉದ್ದ, 23 ಮಾತ್ರೆ. ಒಟ್ಟು 102. ಉರ್ದುವಿನಲ್ಲಿ ಮುಸದ್ದಸ್ ಇದೆ, ಅದೂ ಆರು ಸಾಲಿನದು. ಮೀರ್ ಅನೀಸ್ ಮತ್ತು ಮಿರ್ಜಾ ದಬೀರ್ ಮರ್ಸಿಯಾಗಳನ್ನು ಬರೆದದ್ದು ಈ ರೂಪದಲ್ಲಿ. ಹಾಲಿಯವರ ಪ್ರಸಿದ್ಧ ಮುಸದ್ದಸ್ 1879ರದು. ಆದರೆ ಎರಡೂ ಒಂದೇ ಎಂದು ಹೇಳಬೇಡಿ. ಮುಸದ್ದಸ್‌ನಲ್ಲಿ ಮೊದಲ ನಾಲ್ಕು ಸಾಲಿಗೆ ಒಂದು ಪ್ರಾಸ, ಕೊನೆಯ ಎರಡಕ್ಕೆ ಇನ್ನೊಂದು. ಹಾಗಾಗಿ ಮಾತು ನಾಲ್ಕು ಸಾಲು ಏರಿ, ಎರಡು ಸಾಲಿನಲ್ಲಿ ಬಿಗಿಯುತ್ತದೆ. ಷಟ್ಪದಿ ಮೂರು ಮತ್ತು ಮೂರು ಎಂದು ಸರಿಯಾಗಿ ಅರ್ಧಕ್ಕೆ ಮಡಚಿಕೊಳ್ಳುತ್ತದೆ. ಕಥೆ ಹೇಳಲು ಎರಡೂ ಒಳ್ಳೆಯವು.

ನಾಲ್ಕು ಸಾಲಿನಲ್ಲಿ ರುಬಾಯಿ ಇದೆ. ಒಂದು, ಎರಡು, ನಾಲ್ಕನೆಯ ಸಾಲಿಗೆ ಒಂದೇ ಪ್ರಾಸ, ಮೂರನೆಯ ಸಾಲು ಬಿಡಿ. ಉಮರ್ ಖಯ್ಯಾಮನ ರುಬಾಯಿಗಳನ್ನು ಫಿಟ್ಜ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದರು. ಅದನ್ನು ನೋಡಿ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು 1930ರಲ್ಲಿ 'ಉಮರನ ಒಸಗೆ' ಎಂದು ಕನ್ನಡಕ್ಕೆ ತಂದರು. ಅಮೆರಿಕದ ರಾಬರ್ಟ್ ಫ್ರಾಸ್ಟ್, ಹಿಮ ಬೀಳುವ ಸಂಜೆ ಕಾಡಿನ ಬಳಿ ನಿಲ್ಲುವ ತನ್ನ ಪ್ರಸಿದ್ಧ ಪದ್ಯವನ್ನು ಇದೇ ಪ್ರಾಸದ ಕಟ್ಟಿನಲ್ಲಿ ಸರಪಳಿಯಂತೆ ಹೆಣೆದಿದ್ದಾನೆ. ತರಗತಿಯಲ್ಲಿ ಈ ಕಟ್ಟನ್ನು ತೋರಿಸಲೆಂದು ನಾನೇ ಕಟ್ಟಿದ ನಾಲ್ಕು ಸಾಲು ಇಲ್ಲಿದೆ:

ಕೆರೆಯ ನೀರಲಿ ಬೆಳಗು ಮುಖವ ತೊಳೆದಿದೆ,
ಸೇತುವೆಯ ಮೇಲೆ ಬಸ್ಸಿನ ಸಾಲು ಬೆಳೆದಿದೆ;
ತಡವಾಯಿತೆಂದು ಯಾರ ಮೇಲೆ ಮುನಿಸಲಿ?
ಹಕ್ಕಿಗಳ ನೋಡುತ್ತ ಹೊತ್ತು ಕಳೆದಿದೆ.

ರುಬಾಯಿಗೆ ಉರ್ದು, ಫಾರ್ಸಿಯಲ್ಲಿ ನಿಗದಿಯಾದ ಬಹರ್‌ಗಳಿವೆ, ಇದರಲ್ಲಿ ಅವಿಲ್ಲ. ಇಲ್ಲಿ ಇರುವುದು ಪ್ರಾಸದ ಕಟ್ಟು ಮಾತ್ರ. ಮೂರನೆಯ ಸಾಲು ಪ್ರಾಸ ತಪ್ಪಿಸಿಕೊಂಡಾಗ ಕಿವಿ ಕಾಯುತ್ತದೆ, ನಾಲ್ಕನೆಯದರಲ್ಲಿ ಸಮಾಧಾನ ಸಿಗುತ್ತದೆ. ಇಷ್ಟು ತಿಳಿದರೆ ರೈಮ್ ಸ್ಕೀಮ್ ಎಂಬ ಪ್ರಶ್ನೆಗೆ ಉತ್ತರ ಬಂದ ಹಾಗೆ. ನಾಲ್ಕು ಸಾಲಿನ ಇನ್ನೊಂದು ರೂಪ ಚುಟುಕ. ದಿನಕರ ದೇಸಾಯಿಯವರು ಅದನ್ನು ಮನೆಮಾತಾಗಿಸಿದರು. ಎಂ. ಅಕಬರ ಅಲಿಯವರೂ ಚುಟುಕಗಳಿಗೆ ಹೆಸರಾದವರು. ಇಂಗ್ಲಿಷಿನ ಲಿಮರಿಕ್ಕಿಗೂ ಇದಕ್ಕೂ ತಮಾಷೆಯಲ್ಲಿ ನಂಟಿದೆ, ಆದರೆ ಲಿಮರಿಕ್ಕಿಗೆ ಐದು ಸಾಲು. ಚುಟುಕದ ಧಾಟಿಗೆ ಒಂದು ನಮೂನೆ, ಇದೂ ತರಗತಿಗಾಗಿ ಬರೆದದ್ದು:

ಪರೀಕ್ಷೆಗೆಂದು ಕಲಿತನೊಬ್ಬ ಪದ್ಯದ ಲಕ್ಷಣ,
ಬರೆದು ಮುಗಿಸಿ ಹೊರಗೆ ಬಂದು ಮರೆತ ತಕ್ಷಣ.
ಪದ್ಯ ಮಾತ್ರ ಪುಸ್ತಕದಲಿ ಕಾಯುತಿತ್ತು,
'ನನ್ನನೊಮ್ಮೆ ಓದು' ಎಂದು ಕೂಗುತಿತ್ತು.

ಮೂರು ಸಾಲಿನ ತ್ರಿಪದಿ ಕನ್ನಡದ ಬಹಳ ಹಳೆಯ ರೂಪ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ಅದರಲ್ಲಿಯೇ ತ್ರಿಪದಿ ಇದೆ. ಸರ್ವಜ್ಞ ಹೇಳಿದ್ದು ತ್ರಿಪದಿಯಲ್ಲಿ. ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ್ದೂ ತ್ರಿಪದಿಯಲ್ಲಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಊರೂರು ತಿರುಗಿ ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಆ ಗೆಳೆಯರ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಧೂಲಾಸಾಹೇಬರೂ ಇದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಅದೇ ವಿಜಯಪುರದ ಸೀಮೆಯಲ್ಲಿ, ಆದಿಲ್ ಶಾಹಿಗಳ ಕಾಲದ ಸೂಫಿಗಳು ದಖ್ಖನಿಯಲ್ಲಿ 'ಚಕ್ಕೀನಾಮಾ' ಎಂಬ ಹಾಡುಗಳನ್ನು ಬರೆದರು. ಚಕ್ಕಿ ಎಂದರೆ ಬೀಸುಕಲ್ಲು. ಹಿಟ್ಟು ಬೀಸುತ್ತ ಹೆಂಗಸರು ಹಾಡಲೆಂದು, ಬೀಸುವ ಕಲ್ಲಿನ ಒಂದೊಂದು ಭಾಗಕ್ಕೂ ಒಂದೊಂದು ಅರ್ಥ ಕೊಟ್ಟು ಹೆಣೆದ ಹಾಡುಗಳು ಅವು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ಇವುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಒಂದು ಗೋಡೆಯ ಈಚೆ ಕನ್ನಡದಲ್ಲಿ ಬೀಸುವ ಪದ, ಆಚೆ ದಖ್ಖನಿಯಲ್ಲಿ ಚಕ್ಕೀನಾಮಾ. ಕಲ್ಲಿನ ಸದ್ದು ಎರಡಕ್ಕೂ ಒಂದೇ. ಇಂಗ್ಲಿಷ್ ಪಠ್ಯದಲ್ಲಿ 'ವರ್ಕ್ ಸಾಂಗ್' ಎಂದು ಹೇಳುವುದು ಇದನ್ನೇ.

ಸುನೀತ ಮತ್ತು ಗಜಲ್

ಸಾನೆಟ್ಟಿಗೆ ಕನ್ನಡದಲ್ಲಿ ಸುನೀತ ಎನ್ನುತ್ತಾರೆ. ಹದಿನಾಲ್ಕು ಸಾಲು. ಇಟಲಿಯಲ್ಲಿ ಪೆಟ್ರಾರ್ಕನ ಕೈಯಲ್ಲಿ ಬೆಳೆದು, 16ನೆಯ ಶತಮಾನದಲ್ಲಿ ವಯಟ್ ಮತ್ತು ಸರ್ರೆ ಎಂಬ ಕವಿಗಳಿಂದ ಇಂಗ್ಲೆಂಡಿಗೆ ಬಂತು. ಷೇಕ್ಸ್‌ಪಿಯರನ 154 ಸಾನೆಟ್ಟುಗಳು 1609ರಲ್ಲಿ ಪ್ರಕಟವಾದವು. ಇಟಲಿಯ ಬಗೆಯಲ್ಲಿ ಎಂಟು ಮತ್ತು ಆರು ಸಾಲು, ಷೇಕ್ಸ್‌ಪಿಯರನ ಬಗೆಯಲ್ಲಿ ನಾಲ್ಕು, ನಾಲ್ಕು, ನಾಲ್ಕು ಮತ್ತು ಎರಡು. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತವೆ. ಅವು ಸಾಮಾನ್ಯವಾಗಿ ಒತ್ತಿ ಹೇಳದೆ ಬಿಡುವುದು ನಡುವೆ ಬರುವ ತಿರುವು. ಒಂದು ಮಾತು ಹೊರಟು, ಮಧ್ಯದಲ್ಲಿ 'ಆದರೆ' ಎಂದು ಹೊರಳಿ, ಕೊನೆಗೆ ಒಂದು ತೀರ್ಮಾನಕ್ಕೆ ಬರುತ್ತದೆ. ಸುನೀತ ಎಂದರೆ ವಾದ ಮಾಡುವ ಪದ್ಯ.

ಗಜಲ್ ಹಾಗಲ್ಲ. ಅದರ ಪ್ರತಿ ಶೇರ್ ತನ್ನಷ್ಟಕ್ಕೆ ಪೂರ್ಣ, ದಾರಕ್ಕೆ ಪೋಣಿಸಿದ ಮುತ್ತಿನ ಹಾಗೆ. ದಾರ ಯಾವುದು? ಕಾಫಿಯಾ ಮತ್ತು ರದೀಫ್. ಮೊದಲ ಶೇರ್‌ನ, ಅಂದರೆ ಮತ್ಲಾದ, ಎರಡೂ ಸಾಲಿನಲ್ಲಿ ಇವು ಬರಬೇಕು. ಆಮೇಲೆ ಪ್ರತಿ ಶೇರ್‌ನ ಎರಡನೆಯ ಸಾಲಿನಲ್ಲಿ ಬಂದರೆ ಸಾಕು. ಈ ಸಾಲುಗಳನ್ನು ನೋಡಿ:

ಅಮ್ಮಿ ಹಚ್ಚಿಟ್ಟ ದೀಪದ ಬೆಳಕು ಇನ್ನೂ ಇದೆ,
ಹರಿದ ಪಾಟಿಚೀಲದಲಿ ಬಳಪದ ತುಣುಕು ಇನ್ನೂ ಇದೆ.

ಊರು ಬೆಳೆದು ತೋಟಗಳೆಲ್ಲ ಮನೆಗಳಾದವು,
ಬೇಲಿಯ ಬದಿಯ ಚಕ್ಕೋತದ ಗಿಡಕೆ ಬದುಕು ಇನ್ನೂ ಇದೆ.

'ಇನ್ನೂ ಇದೆ' ಎಂಬುದು ರದೀಫ್, ಬದಲಾಗುವುದಿಲ್ಲ. ಅದರ ಹಿಂದಿನ ಬೆಳಕು, ತುಣುಕು, ಬದುಕು ಕಾಫಿಯಾ. ಕೊನೆಯ ಶೇರ್ ಮಕ್ತಾ, ಅದರಲ್ಲಿ ಕವಿಯ ತಖಲ್ಲುಸ್ ಬರುವುದು ರೂಢಿ. ತಖಲ್ಲುಸ್ ಎಂದೊಡನೆ ಕನ್ನಡದ ಮಕ್ಕಳಿಗೆ ವಚನಗಳ ಅಂಕಿತ ನೆನಪಾಗಬೇಕು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಆದರೆ ತಖಲ್ಲುಸ್ ಕವಿ ತನಗೆ ಇಟ್ಟುಕೊಂಡ ಹೆಸರು. ವಚನದ ಅಂಕಿತ ಬಹುಮಟ್ಟಿಗೆ ಇಷ್ಟದೈವದ ಹೆಸರು. ಶಿಶುನಾಳ ಷರೀಫರ (1819–1889) ತತ್ವಪದಗಳಲ್ಲಿ ಊರಿನ ದೈವದ ಹೆಸರೇ ಅಂಕಿತ. ಈ ಒಂದು ವ್ಯತ್ಯಾಸದ ಮೇಲೆಯೇ ಒಂದು ಪೀರಿಯಡ್ ಮಾತಾಡಬಹುದು.

ರಾಯಚೂರಿನ ಶಾಂತರಸರು ಗಜಲನ್ನು ಕನ್ನಡದಲ್ಲಿ ನೆಲೆಗೊಳಿಸಿದರು. ಕಾಶ್ಮೀರದ ಆಗಾ ಶಾಹಿದ್ ಅಲಿ (1949–2001) ಅಮೆರಿಕದಲ್ಲಿ ನೆಲೆಸಿ, ಕಾಫಿಯಾ ರದೀಫ್ ಸಮೇತ ಇಂಗ್ಲಿಷಿನಲ್ಲಿ ಗಜಲ್ ಬರೆದರು. ಹಾಗೆ ಬರೆದ ಇತರ ಕವಿಗಳ ಗಜಲ್‌ಗಳನ್ನು ಸಂಗ್ರಹಿಸಿ 2000ದಲ್ಲಿ ಪುಸ್ತಕ ತಂದರು. ಅಂದರೆ ಇಂದು ಇಂಗ್ಲಿಷ್ ಸಾಹಿತ್ಯ ಓದುವವರೂ ಕಾಫಿಯಾ, ರದೀಫ್ ಎಂಬ ಪದಗಳನ್ನು ಕಲಿಯುತ್ತಾರೆ. ನಮ್ಮ ಮನೆಯ ಮಕ್ಕಳು ಅದನ್ನು ಹಳೆಯ ಸಾಮಾನೆಂದು ಅಟ್ಟಕ್ಕೆ ಹಾಕುವುದು ಸರಿಯೇ?

ಸಾವಿಗೆ ಅಳುವ ಪದ್ಯ, ಮತ್ತು ಹೆಬ್ಬಾಳದ ಕಲ್ಲು

ಎಲಿಜಿ ಎಂದರೆ ಶೋಕಗೀತೆ. ಇಂಗ್ಲಿಷಿನಲ್ಲಿ ಹಳ್ಳಿಯ ಸ್ಮಶಾನದಲ್ಲಿ ಕುಳಿತು ಥಾಮಸ್ ಗ್ರೇ ಬರೆದ 1751ರ ಪದ್ಯ ಪ್ರಸಿದ್ಧ. ಉರ್ದುವಿನಲ್ಲಿ ಮರ್ಸಿಯಾ. ಉತ್ತರ ಕರ್ನಾಟಕದಲ್ಲಿ ಮೊಹರಂ ದಿನಗಳಲ್ಲಿ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕರ್ಬಲಾದ ಕಥೆ ಕನ್ನಡದ ಲಾವಣಿಯ ಧಾಟಿಯಲ್ಲಿ ಕೇಳಿಬರುವುದು ನಮ್ಮ ನಾಡಿನ ಸೊತ್ತು.

ಇನ್ನು ನಮ್ಮ ಬಡಾವಣೆಗೇ ಬನ್ನಿ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, 8ನೆಯ ಶತಮಾನದ್ದು. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬುವನ ಹೆಸರು ಅದರಲ್ಲಿದೆ. ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಅದನ್ನು ಎಲಿಜಿ ಎಂದು ಕರೆಯಲಾಗದು, ಅದು ಶಾಸನ. ಆದರೆ ಸತ್ತವನ ಹೆಸರು ಅಳಿಯದಿರಲಿ ಎಂಬ ಆಸೆ ಎರಡರಲ್ಲೂ ಒಂದೇ. 'ಇದನ್ನು ಯಾರು, ಯಾರಿಗಾಗಿ, ಯಾವ ಕಾರಣಕ್ಕೆ ಬರೆದರು?' ಎಂದು ಕೇಳಲು ಕಲಿತ ಮಗುವಿಗೆ ಸಾಹಿತ್ಯ ಪ್ರಕಾರ ಎಂದರೇನು ಎಂಬುದು ಅರ್ಥವಾಯಿತೆಂದೇ ತಿಳಿಯಿರಿ.

ಆರ್.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಕವಿಯ ಹೆಸರಿನ ಬಡಾವಣೆಯಲ್ಲಿ ನಾವು ಮನೆ ಮಾಡಿದ್ದೇವೆ. ಅವರು ಬಂಗಾಳಿಯಲ್ಲಿ ಹಾಡಾಗಿ ಬರೆದದ್ದನ್ನು 1912ರ ಇಂಗ್ಲಿಷ್ 'ಗೀತಾಂಜಲಿ'ಯಲ್ಲಿ ತಾವೇ ಗದ್ಯಗೀತೆಯಾಗಿ ಮಾರ್ಪಡಿಸಿದರು. ಮರುವರ್ಷ ನೊಬೆಲ್ ಬಂತು. ಭಾಷೆ ಬದಲಾದಾಗ ಪ್ರಕಾರವೂ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ದೇವನಹಳ್ಳಿ. 1936ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅಲ್ಲಿ ಹುಟ್ಟಿದರು. ಪಾಠ ಮಾಡಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕಾವ್ಯ. 'ನಿತ್ಯೋತ್ಸವ' 1976ರಲ್ಲಿ ಬಂತು. 1978ರಲ್ಲಿ ಕ್ಯಾಸೆಟ್ ಆಗಿ ಮನೆಮನೆಗೆ ಹೋಯಿತು. ಷೇಕ್ಸ್‌ಪಿಯರನ 'ಒಥೆಲೊ' ಮತ್ತು 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು. 2020ರಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ದುಃಖಿಸಿತು. 2025ರಲ್ಲಿ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಿಂದ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆದವು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಇವರಿಬ್ಬರೂ ನಮ್ಮ ಹಾಗೆಯೇ ಮನೆಯಲ್ಲೊಂದು, ಹೊರಗೊಂದು ಭಾಷೆಯ ನಡುವೆ ಬೆಳೆದವರು. ಮೂರು ಭಾಷೆ ಹೊರೆ ಎನ್ನುವ ತಂದೆತಾಯಿಯರಿಗೆ ನನ್ನ ಉತ್ತರ ಇದೇ.

ತರಗತಿಯಲ್ಲಿ ಮಾಡಬಹುದಾದದ್ದು

'ಸಿಲಬಸ್ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯ ಎಲ್ಲಿ?' ಎಂದು ಶಿಕ್ಷಕ ಬಂಧುಗಳು ಕೇಳುವುದು ನ್ಯಾಯವೇ. ತಿಂಗಳಿಗೆ ಒಂದು ಪೀರಿಯಡ್ ಸಾಕು. ಮೂರು ಭಾಷೆಯ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕುಳಿತು, ಆ ತಿಂಗಳ ಪಠ್ಯದಲ್ಲಿ ಒಂದಕ್ಕೊಂದು ಹೊಂದುವ ಪದ್ಯಗಳು ಯಾವುವು ಎಂದು ನೋಡಿಕೊಳ್ಳಲಿ. ಪಾಠಯೋಜನೆ ಹೀಗಿರಲಿ: ಮೊದಲ ಹತ್ತು ನಿಮಿಷ ಗಟ್ಟಿಯಾಗಿ ಓದುವುದು, ಅರ್ಥ ಹೇಳುವುದು ಬೇಡ. ಮುಂದಿನ ಹತ್ತು ನಿಮಿಷ ಎಣಿಸುವುದು: ಸಾಲು ಎಷ್ಟು, ಪ್ರಾಸ ಎಲ್ಲಿ, ಮತ್ತೆ ಬರುವ ಮಾತು ಯಾವುದು. ಆಮೇಲೆ ಹತ್ತು ನಿಮಿಷ ಮಕ್ಕಳೇ ಎರಡು ಸಾಲು ಕಟ್ಟುವುದು. ಕೊನೆಗೆ ಮೂರು ಭಾಷೆಯ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವುದು. ಹೆಸರು ಕೊನೆಗೆ ಬರಲಿ.

ಒಂದು ಎಚ್ಚರಿಕೆ. ವಚನವನ್ನು ಫ್ರೀ ವರ್ಸ್ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡಿ. ಯಾವುದೋ ಕಟ್ಟನ್ನು ಮುರಿಯಲೆಂದು ಹುಟ್ಟಿದ ಆಧುನಿಕ ರೂಪವಲ್ಲ ಅದು, 12ನೆಯ ಶತಮಾನದ ಅನುಭವದ ಮಾತು. ಬ್ಲ್ಯಾಂಕ್ ವರ್ಸ್ ಮತ್ತು ಫ್ರೀ ವರ್ಸ್ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಬ್ಲ್ಯಾಂಕ್ ವರ್ಸ್: ಅಲ್ಲಿ ಲಯ ಉಂಟು, ಪ್ರಾಸ ಇಲ್ಲ. ಕನ್ನಡದಲ್ಲಿ ಅದಕ್ಕೆ ಹತ್ತಿರವಾದದ್ದು ಸರಳ ರಗಳೆ. ಫ್ರೀ ವರ್ಸ್‌ನಲ್ಲಿ ಗೊತ್ತಾದ ಲಯದ ಕಟ್ಟೂ ಇಲ್ಲ. ಉರ್ದುವಿನ ಆಜಾದ್ ನಜ್ಮ್‌ನಲ್ಲಿ ಸಾಲುಗಳ ಉದ್ದ ಬದಲಾದರೂ ಬಹರ್‌ನ ನೆರಳು ಇರುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಒಂದು ಕೆಲಸ. ಮನೆಯಲ್ಲಿ ನಾನಿ, ದಾದಿಯರಿದ್ದರೆ ಈ ವಾರವೇ ಅವರ ಬಳಿ ಕುಳಿತುಕೊಳ್ಳಿ. ಲೋರಿ, ಮದುವೆಯ ಹಾಡು, ಒಗಟು, ಗಾದೆ, ಅವರಿಗೆ ಏನು ನೆನಪಿದೆಯೋ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಪಕ್ಕದ ಮನೆಯ ಅಜ್ಜಿಯ ಜೋಗುಳವನ್ನೂ ಬರೆದುಕೊಳ್ಳಿ. ಮಿಕ್ಸಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಅದರ ಹಾಡು ಆ ತಲೆಮಾರಿನ ನೆನಪಿನಲ್ಲಿ ಮಾತ್ರ ಉಳಿದಿದೆ. ಪಠ್ಯಪುಸ್ತಕ ಕಳೆದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಈ ಹಾಡು ಕಳೆದರೆ ಎಲ್ಲಿಯೂ ಸಿಗುವುದಿಲ್ಲ.

ಸಂಘದ ಹಿರಿಯರಲ್ಲಿಯೂ ಒಂದು ವಿನಂತಿ. ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಸನ್ಮಾನಿಸುತ್ತೀರಿ, ಅದು ಸಂತೋಷದ ವಿಷಯ. ಅದರ ಜೊತೆಗೆ ಮುಂದಿನ ಸಂಚಿಕೆಯಲ್ಲಿ ಮಕ್ಕಳು ತಾವೇ ಬರೆದ ಪದ್ಯಗಳಿಗೆ ಮತ್ತು ಸಂಗ್ರಹಿಸಿದ ಹಾಡುಗಳಿಗೆ ಕೆಲವು ಪುಟ ಮೀಸಲಿಡಿ. ಉರ್ದು, ಕನ್ನಡ, ಇಂಗ್ಲಿಷ್ ಎಂದು ಬೇರೆ ಬೇರೆ ವಿಭಾಗ ಮಾಡದೆ ಒಂದೇ ಪುಟದಲ್ಲಿ ಮೂರನ್ನೂ ಅಚ್ಚು ಹಾಕಿಸಿ. ಮುಖ್ಯವಾಗಿ ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಯಲ್ಲಿಯೇ ಉಳಿದ ಹೆಣ್ಣುಮಕ್ಕಳಿಂದಲೂ ಬರಹ ಕೇಳಿ ತರಿಸಿ. ಅವರ ಓದು ನಿಂತಿರಬಹುದು, ಬರಹ ನಿಲ್ಲಬೇಕಾಗಿಲ್ಲ.